ಎರಡನೆಯ ವಿಮಾನದ ತಾಸು

೫ ಜನವರಿ ೨೦೨೨, ಬುಧವಾರ. ಬೆಟಗೇರಿ.

ಸಿಟ್ಟು ಇನ್ನೂ ಇಳಿದಿಲ್ಲ. ಮಸ್ಕತ್ತಿನಲ್ಲಿರುವ ತಂಗಿ ಅಂಕಿತಾಳ ಬಾಣಂತನಕ್ಕೆ ಹೊರಟಿದ್ದ ಅವ್ವನನ್ನು ನಿನ್ನೆ ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಿದರು. ಭಾನುವಾರ ಎಳ್ಳಮಾವಾಸ್ಯೆ, ಹೊಂಬಳದ ಹೊಲಕ್ಕೆ ಭೂಮಿತಾಯಿಯ ಎಡೆಯಾದ ಚರಗ ಚೆಲ್ಲಲು ಹೋಗಬೇಕೆಂದು ಶನಿವಾರವೇ ಕೊರೋನಾ ಪರೀಕ್ಷೆ ಮಾಡಿಸಿದ್ದೆವು. ಮೊದಲ ವಿಮಾನಕ್ಕೆ ಆ ವರದಿ ನಡೆಯುತ್ತದಂತೆ. ನಡುದಾರಿಯಲ್ಲಿ ಹತ್ತಬೇಕಾದ ಎರಡನೆಯದು ಹೊರಡುವಷ್ಟರಲ್ಲಿ ವರದಿಯ ಎಪ್ಪತ್ತೆರಡು ತಾಸಿನ ಗಡುವು ಮೀರುತ್ತದಂತೆ. ಟಿಕೆಟ್ ಮಾರುವಾಗ ಯಾರೂ ಇದನ್ನು ಬಾಯಿಬಿಡಲಿಲ್ಲ.

"ನಡುವ ಇಳದು ನಾ ಏನ್ ಸಂತಿ ಮಾಡಾಕ ಹೊಂಟೀನೇನ್ರಿ? ಕುಂತಲ್ಲೇ ಕುಂಡ್ರತೀನಿ," ಎಂದಳು ಅವ್ವ. ಕೌಂಟರಿನವಳು ಪಾಸ್‌ಪೋರ್ಟ್ ಹಿಂದಕ್ಕೆ ಸರಿಸಿದಳು.

ಇಂದು ಸಂಜೆ ಅಂಕಿತಾಗೆ ಹೆಣ್ಣು ಹುಟ್ಟಿತು. ಹತ್ತಿರ ತಾಯಿಯಿಲ್ಲ.

ಈಗ ಚೀಲದಿಂದ ಅಂಟಿನುಂಡಿಯ ಡಬ್ಬಿ ತೆಗೆಯಹೋದೆ. ಅವ್ವ ಕೈ ಹಿಡಿದಳು.

"ಅದು ಬಾಣಂತೀದು, ಬಿಚ್ಚಬ್ಯಾಡ. ಮುಂಜಾನೆ ಮತ್ತ ಟೆಸ್ಟಿಗೆ ಮೂಗು ಕೊಡಾಕ ಹೋಗೂಣು."