ಸೋರಿಮ್‌ಳ ಎಡಗೈ

ಹೇನಾಮ್, ನವೆಂಬರ್ ೨೯

ಮಗ ಕ್ಯುಹಾನಿಗೆ,

ಹಡಗಿನಲ್ಲಿ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಆಗುತ್ತಿದೆಯೇ? ಬೆನ್ನುನೋವು ಹೇಗಿದೆ? ತಾಯಿ ಕೇಳಬೇಕಾದ್ದನ್ನು ಕೇಳಿದೆ. ಹೆಂಡತಿ ಸೋರಿಮ್ ಹೇಗಿದ್ದಾಳೆಂದು ನೀನಂತೂ ಕೇಳುವವನಲ್ಲ, ನಾನೇ ಹೇಳುತ್ತೇನೆ.

ಮೊನ್ನೆ ಚಳಿಗಾಲದ ಕಿಮ್ಚಿ ಹಾಕಿದೆವು, ನೂರಿಪ್ಪತ್ತು ಕೋಸು. ಬೆಳಿಗ್ಗೆಯಿಂದ ಉಪ್ಪುನೀರಲ್ಲಿ ನೆನೆಸಿದ ಎಲೆಗಳಿಗೆ ಖಾರ ಸವರುತ್ತಿದ್ದ ಸೋರಿಮ್, ಮಧ್ಯಾಹ್ನ ಬೇಯಿಸಿದ ಹಂದಿಮಾಂಸ ತಿಂದ ಮೇಲೆ ಎಡಗೈ ಭಾರ ಅಂದಳು. ಬಲಗೈಯ ರಬ್ಬರ್ ಗವಸು ಸಲೀಸಾಗಿ ಕಳಚಿ ಬಂದಿತ್ತು, ಎಡಗೈಯದು ಕಚ್ಚಿಕೊಂಡಿತ್ತು. ಎಡಸ್ತನದ ಆಪರೇಷನ್ ಆಗಿ ಎಂಟು ತಿಂಗಳು. ಅಲ್ಲಿದ್ದ ಹೆಂಗಸರ ಪಾಂಡಿತ್ಯ ನೀನು ನೋಡಬೇಕಿತ್ತು. ಒಬ್ಬಳು, "ಉಪ್ಪುನೀರಲ್ಲಿ ಕೈ ಇಟ್ರೆ ಊದದೆ ಇನ್ನೇನಾಗತ್ತೆ" ಅಂದಳು. ನಿಮ್ಮಪ್ಪನ ಅಕ್ಕ, ಆ ಮಹಾವೈದ್ಯೆ, "ತಿಂದಿದ್ದು ಅರಗಿಲ್ಲ ಕಣೆ, ಹೆಬ್ಬೆರಳು ಚುಚ್ಚಿ ಕರಿರಕ್ತ ತೆಗೆದ್ರೆ ಸರಿಹೋಗತ್ತೆ" ಎಂದು ಬೆರಳಿಗೆ ದಾರ ಸುತ್ತಿ, ಸೂಜಿಯನ್ನು ತಲೆಗೂದಲಿಗೆ ಉಜ್ಜಿಕೊಂಡು ಸಿದ್ಧಳಾದಳು. ಅದೂ ಆ ಎಡಗೈಗೇ. ಆ ಕೈಗೆ ಸೂಜಿ ತಾಗಿಸಬೇಡಿ, ನಂಜಾದರೆ ಬಾವು ಏರುತ್ತದೆ ಎಂದು ಆಸ್ಪತ್ರೆಯವರು ಬಡಕೊಂಡಿದ್ದರು. ಸೂಜಿ ಕಿತ್ತುಕೊಂಡು ಮೋರಿಗೆ ಎಸೆದೆ. ನಿನ್ನ ಸೋದರತ್ತೆ ತನ್ನ ಪಾಲಿನ ಕಿಮ್ಚಿಯನ್ನೂ ಬಿಟ್ಟು ಎದ್ದುಹೋದಳು. ಹೋಗಲಿ.

ಆಮೇಲೆ ಸೋರಿಮ್‌ಳ ಹತ್ತಿರ ಅಳತೆ ಟೇಪು ಕೇಳಿದೆ. ಆಪರೇಷನ್ ಆದ ಕಡೆಯ ತೋಳು ಊದಬಹುದು, ತಿಂಗಳಿಗೊಮ್ಮೆ ಎರಡೂ ತೋಳನ್ನು ಅದದೇ ಜಾಗದಲ್ಲಿ ಅಳೆದು ಬರೆದಿಡಿ ಎಂದು ಆಸ್ಪತ್ರೆಯಲ್ಲಿ ಕೊಟ್ಟದ್ದು. ಪುಸ್ತಕದಲ್ಲಿ ಜೂನ್‌ವರೆಗೆ ಬರೆದಿದ್ದಾಳೆ, ಮುಂದೆ ಖಾಲಿ. ಗದರಿಸಿದ ಮೇಲೆ ಬಾಯಿಬಿಟ್ಟಳು. ರಜೆಗೆ ಬಂದಿದ್ದ ನೀನು, "ಏನೇ, ದರ್ಜಿ ಅಂಗಡಿ ಇಟ್ಟಿದ್ದೀಯಾ? ಕಾಯಿಲೆ ಹುಡುಕ್ತಾ ಕೂತ್ರೆ ಕಾಯಿಲೆನೇ ಬರತ್ತೆ" ಅಂದೆಯಂತೆ. ಬಲೆಯ ಒಂದು ಕಣ್ಣು ಹರಿದರೆ ಊಟ ಬಿಟ್ಟು ಹುಡುಕುವ ಭೂಪ ನೀನು. ನಿನ್ನನ್ನು ಹೆತ್ತದ್ದಕ್ಕೆ ನನಗೇ ನಾಚಿಕೆಯಾಯಿತು.

ನಾನೇ ಅಳೆದೆ. ಮೊಣಕೈ ಕೆಳಗೆ ಬಲಗೈಗಿಂತ ಎರಡು ಸೆಂಟಿಮೀಟರ್ ಹೆಚ್ಚು. ಬರಿಗಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ. ಮರುದಿನ ಬಸ್ಸು ಹತ್ತಿಸಿ ಗ್ವಾಂಗ್‌ಜು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು, "ಬೇಗ ಬಂದ್ರಿ, ಒಳ್ಳೇದಾಯ್ತು. ಇನ್ನೂ ಬಿಟ್ಟಿದ್ರೆ ಗಟ್ಟಿಯಾಗ್ತಿತ್ತು, ಆಮೇಲೆ ಇಳಿಸೋದು ಕಷ್ಟ" ಎಂದರು. ತೋಳಿಗೆ ಹಾಕುವ ಬಿಗಿ ಕವಚ ಕೊಟ್ಟಿದ್ದಾರೆ, ಮೆಲ್ಲಗೆ ನೀವುವುದನ್ನು ನನಗೂ ಕಲಿಸಿದ್ದಾರೆ.

ಸಮುದ್ರ ನಿನ್ನನ್ನು ಸುಖವಾಗಿಟ್ಟಿರಲಿ. ಬುದ್ಧಿ ಕೊಡುವುದು ಅದರ ಕೈಲೂ ಆಗದು.

ನಿನ್ನ ಅಮ್ಮ,
ಮಾಲ್‌ಸುನ್

ಮರೆತಿದ್ದೆ, ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಮನೆಯಲ್ಲಿ ತೋಳು ಅಳೆಯುವವರು ಯಾರು ಎಂದು ನರ್ಸು ಕೇಳಿದಾಗ ಸೋರಿಮ್ ನನ್ನ ಹೆಸರು ಬರೆಸಿದಳು. "ಯಜಮಾನ್ರು ತೀರಿಕೊಂಡ್ರಾ?" ಎಂದಳು ನರ್ಸು. ಸೋರಿಮ್ ಹೂಂ ಅಂದಳು. ನಾನು ಪಕ್ಕದಲ್ಲೇ ಕೂತಿದ್ದೆ, ಇಲ್ಲ ಅನ್ನಲಿಲ್ಲ.