ಬೆಳ್ಳಕ್ಕಿ ಎಲ್ಲರಿಗೂ ಗೊತ್ತು

ಮಾರ್ಚ್ 17, ಸೋಮವಾರ

ಜೇವರ್ಗಿ ಮುಗಿಸಿ ಅಫಜಲಪುರ ಮುಟ್ಟಿದಾಗ ಎರಡು ಗಂಟೆ. ಹದಿನೆಂಟು ಅಂಗಡಿ, ಒಂದೇ ಪ್ರಶ್ನೆ — ಮಾಲು ಎಲ್ಲಿ? ಒಂಬತ್ತು ವರ್ಷದಿಂದ ಬೆಳ್ಳಕ್ಕಿ ವಾಷಿಂಗ್ ಪೌಡರ್ ಮಾರುತ್ತಿದ್ದೇನೆ. ಇಂಥ ಪರಿಸ್ಥಿತಿ ನೋಡಿರಲಿಲ್ಲ. ಹಳ್ಳಿಗೆ ಮಾಲು ಒಯ್ಯುತ್ತಿದ್ದ ಕಂಪನಿ ವ್ಯಾನ್ ಫೆಬ್ರುವರಿಯಿಂದ ಬಂದ್. ಖರ್ಚು ಕಡಿಮೆ ಮಾಡಬೇಕಂತೆ.

ಸೊನ್ನದ ಅಂಗಡಿಯಾಕೆ ಬಾಗಿಲಲ್ಲೇ ನಿಲ್ಲಿಸಿದಳು. “ಬರೇ ಮಾರಿ ತೋರ್ಸಾಕ ಬರಬ್ಯಾಡ್ರಿ ಮಹೇಶಣ್ಣ. ಪುಡಿ ತರ್ರಿ.”

ಮಾರ್ಚ್ 22, ಶನಿವಾರ

ಕಲಬುರಗಿಯಲ್ಲಿ ಮೀಟಿಂಗ್. ಏರಿಯಾ ಮ್ಯಾನೇಜರ್ ಅನೀಲಕುಮಾರ ಹೊಸ ಜಾಹೀರಾತು ತೋರಿಸಿದರು. ಸಿನಿಮಾ ನಟಿ, ಬಿಳಿ ಸೀರೆ, ಹಾರುವ ಹಕ್ಕಿ. ಮೂವತ್ತು ಸೆಕೆಂಡು. ಕ್ರಿಕೆಟ್ ಮ್ಯಾಚಿನ ನಡುವೆ ದಿನಾ ಬರುತ್ತದಂತೆ. ಎಲ್ಲರೂ ಚಪ್ಪಾಳೆ.

ಎದ್ದು ನಿಂತೆ. “ಸರ್, ಆಳಂದ ಕಡೆ ಯಾವ ಪುಡಿ ಬೇಕಾದ್ರೂ ಬೆಳ್ಳಕ್ಕಿ ಕೊಡ್ರಿ ಅಂತಾರ. ಹೆಸರು ಗೊತ್ತಿದ್ದವ್ರಿಗೆ ಮತ್ತ ಹೆಸರು ಹೇಳಾಕ ಇಷ್ಟು ಖರ್ಚು ಯಾಕ್ರಿ? ಅದರಾಗ ನಾಕು ವ್ಯಾನ್ ಬಿಡ್ರಿ.”

“ಮಂದಿ ಲಗೂನ ಮರೀತಾರ ಮಹೇಶ. ನಾವು ಟೀವಿ ಬಿಟ್ರ ಇನ್ನೊಬ್ಬ ಹಿಡೀತಾನ.”

ಅವರ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ನೆನಪಿಟ್ಟವರಿಗೆ ಕೊಡಲು ಮಾಲು ಬೇಡವೇ… ಕೂತುಬಿಟ್ಟೆ.

ಏಪ್ರಿಲ್ 8, ಮಂಗಳವಾರ

ನರೋಣಾ. ಖಾದರಸಾಬರ ಕಿರಾಣಿ ಅಂಗಡಿಯಲ್ಲಿ ಬೆಳ್ಳಕ್ಕಿ ಪೊಟ್ಟಣಗಳ ತೋರಣ. ನಾನು ಕೊಟ್ಟಿಲ್ಲ. ಒಂದು ಕಿತ್ತು ನೋಡಿದೆ. ನಮ್ಮ ಹಕ್ಕಿ ಬಲಕ್ಕೆ ನೋಡುತ್ತದೆ, ಇದು ಎಡಕ್ಕೆ. ಉಳಿದದ್ದೆಲ್ಲ ಅದೇ ಬಣ್ಣ, ಅದೇ ಅಕ್ಷರ.

“ಇದು ನಮ್ಮದಲ್ರಿ ಸಾಹೇಬ್ರ. ನಕಲಿ.”

“ನನಗೇನ್ ಗೊತ್ತಪಾ? ಟೀವಿ ನೋಡಿ ಮಂದಿ ಬೆಳ್ಳಕ್ಕಿ, ಬೆಳ್ಳಕ್ಕಿ ಅಂತ ಬರಾಕತ್ತಾರ. ನೀವು ಕೊಡಲಿಲ್ಲ. ಗಾಡಿ ಮ್ಯಾಲ ಬಂದವ ಕೊಟ್ಟ.”

ಜಾಹೀರಾತು ನಮ್ಮದು, ವ್ಯಾಪಾರ ಅವನದು.

ಏಪ್ರಿಲ್ 9

ಇವತ್ತೂ ನರೋಣಾ. ಹಳೆಯ ಗಿರಾಕಿ ಮುಮತಾಜ ದಾರಿಯಲ್ಲಿ ತಡೆದು ಮನೆಗೆ ಕರೆದೊಯ್ದಳು. ಅವಳ ಅತ್ತೆ ಕುಲಸುಮಬಿ ಮಂದಿಯ ಬಟ್ಟೆ ಒಗೆದು ಬದುಕುವ ಹೆಂಗಸು. ಎರಡೂ ಅಂಗೈ ಸುಲಿದು ಕೆಂಪಾಗಿವೆ. ರೊಟ್ಟಿ ಮುರಿಯಲಾಗದು, ಸೊಸೆ ತಿನ್ನಿಸುತ್ತಾಳೆ.

ಕುಲಸುಮಬಿ ಬೈಯಲಿಲ್ಲ. “ನೀನ ಬಂದು ನನ್ನ ಕೈಯಾಗ ಪುಡಿ ಹಾಕಿ ತೋರ್ಸಿದ್ದಿ ಬೇಟಾ, ಕೈಗೆ ಏನೂ ಆಗಂಗಿಲ್ಲ ಅಂತ. ನಿನ್ನ ಪುಡಿ ಅಂತ ತಗೊಂಡೆ.”

ನಿಜ. ವ್ಯಾನ್ ಬಂದ ಮೊದಲ ವರ್ಷ ಹಾಗೇ ಹೇಳಿದ್ದೆ.

ಆಳಂದಕ್ಕೆ ಕರೆದೊಯ್ದು ದವಾಖಾನೆಯಲ್ಲಿ ತೋರಿಸಿದೆ. ಬಸ್ಸಿನಲ್ಲಿ ಕೈ ಮಡಿಲಲ್ಲಿಟ್ಟು ಕೂತಿದ್ದರು.

ಏಪ್ರಿಲ್ 11

ನಕಲಿ ಪೊಟ್ಟಣ, ಕುಲಸುಮಬಿಯ ಕೈ, ಎರಡರ ಫೋಟೋ ಸಮೇತ ಮೇಲ್ ಹಾಕಿದ್ದೆ. ಅನೀಲಕುಮಾರ ಫೋನ್ ಮಾಡಿದರು. “ಕಂಪ್ಲೇಂಟ್ ಮ್ಯಾಲಕ್ಕ ಕಳಿಸೇನಿ. ಆದ್ರ ಜಾಹೀರಾತು ನಡದಾಗ ನಕಲಿ ಅಂತ ಮಂದಿ ಮುಂದ ಬಾಯಿ ಬಿಡಬ್ಯಾಡ. ಬ್ರ್ಯಾಂಡ್ ಹೆಸರು ಕೆಡತದ.”

ಆ ಹೆಂಗಸಿನ ಕೈ ಕೆಟ್ಟದ್ದು ಕೇಳಲೇ ಇಲ್ಲ.

ಏಪ್ರಿಲ್ 24, ಗುರುವಾರ

ಹತ್ತು ದಿನ ಬಾಯಿ ಬಿಟ್ಟೆ. ನರೋಣಾ, ಮಟಕಿ, ಸುತ್ತಲಿನ ಊರುಗಳು — ಅಂಗಡಿ ಮುಂದೆ ಎರಡೂ ಪೊಟ್ಟಣ ಇಟ್ಟು ಹಕ್ಕಿಯ ಮುಖ ತೋರಿಸಿದೆ. ಖಾದರಸಾಬರು ಪೊಟ್ಟಣಗಳನ್ನೆಲ್ಲ ಕಿತ್ತು ಮೂಲೆಗೆ ಎಸೆದರು. ಮಟಕಿಯಲ್ಲಿ ಯಾರೋ ವಿಡಿಯೋ ಮಾಡಿದರು. ಅದು ಕಲಬುರಗಿಯ ತನಕ ಹೋಯಿತು.

ಇವತ್ತು ನೋಟಿಸ್. ವಾರದೊಳಗೆ ಕ್ಷಮಾಪಣೆ ಬರೆದುಕೊಡಬೇಕು, ಇಲ್ಲವೇ ಕೆಲಸ ಬಿಡಬೇಕು.

ಏಪ್ರಿಲ್ 28, ಸೋಮವಾರ

ಕುಲಸುಮಬಿ ಎಡಗೈಯಿಂದ ಲೋಟ ಹಿಡಿಯುತ್ತಾರೆ. ಬಲಗೈ ಇನ್ನೂ ಮಡಚಲು ಬರದು. ಹೊರಡುವಾಗ ಮುಮತಾಜ ಕೇಳಿದಳು, “ಈಗ ಯಾವ ಪುಡಿ ತಗೋಬೇಕ್ರಿ ಅಣ್ಣ?” ಅಸಲಿ ಬೆಳ್ಳಕ್ಕಿ ಇವತ್ತಿಗೂ ನರೋಣಾಕ್ಕೆ ಬಂದಿಲ್ಲ.

“ಸದ್ಯ ಯಾವ ಬೆಳ್ಳಕ್ಕಿನೂ ಬ್ಯಾಡವ್ವ. ಬಟ್ಟಿ ಸಾಬೂನು ತಗೋ.”

ಒಂಬತ್ತು ವರ್ಷದಲ್ಲಿ ಮೊದಲ ಸಲ ಹೀಗೆ ಹೇಳಿದ್ದು.

ಸಂಜೆ, ಆರು ಗಂಟೆ

ಬರೆದು ಕೊಟ್ಟುಬಿಡ್ರಿ ಎನ್ನುತ್ತಾಳೆ ಹೆಂಡತಿ ಭಾಗ್ಯಜ್ಯೋತಿ. ಮನೆ ನಡೆಸುವವಳು, ತಪ್ಪೇನಿಲ್ಲ. ಹಾಳೆ ತೆಗೆದೆ. ‘ಮಾನ್ಯರೇ’ ಎಂದು ಬರೆದೆ. ಕ್ಷಮೆ ಕೇಳಬೇಕಾದದ್ದು ನಿಜ, ಆದರೆ ಅದು ಕಂಪನಿಯನ್ನಲ್ಲ. ‘ಮಾನ್ಯರೇ’ ಹೊಡೆದುಹಾಕಿ ಕುಲಸುಮಬಿ ಅಂತ ಬರೆದೆ. ಆಮೇಲೆ, ‘ಕೈಗೆ ಏನೂ ಆಗಂಗಿಲ್ಲ ಅಂತ ಹೇಳಿದವ ನಾನ’ ಎಂದು ಬರೆದೆ.