ಕಾಯ್ದೆಗೆ ಹೆದರದ ಸಾಹೇಬರು ನಿಂಬೆಹಣ್ಣಿಗೆ ಹೆದರಿದ್ದು

ಮಾನ್ಯರೇ,

ಮೊದಲು ಕಾಲ ಮ್ಯಾಲಿನ ಕಾಲು ಇಳಿಸಿ ನೆಟ್ಟಗ ಕೂತು ಓದ್ರಿ. ನಿಮಗೆ ಎರಡು ಕಾಲು ಅದಾವ, ಎರಡೂ ಗಟ್ಟಿ ಅದಾವ ಅಂತ ಆದೋನಿ ಪ್ಯಾಟಿಗೆಲ್ಲ ಗೊತ್ತೈತಿ, ಅಲ್ಲಾಡಿಸಿ ತೋರಿಸಬೇಕಾಗಿಲ್ಲ. ಗೊತ್ತಾಗದೇ ಉಳಿದದ್ದು ಒಂದೇ: ಇಷ್ಟು ಗಟ್ಟಿ ಕಾಲಿನ ಮನುಷ್ಯನ ಕಾರು, ನಿಮ್ಮ ಆಫೀಸಿನ ಮುಂದ ಅಂಗವಿಕಲರ ಗಾಡಿಗೆ ಅಂತ ನೀಲಿ ಬಣ್ಣ ಬಳಿದು ಬಿಟ್ಟ ಜಾಗದಾಗ ದಿನಾ ಯಾಕ ನಿಲ್ಲತಿತ್ತು? ಕಾರಿಗೆ ಪೋಲಿಯೋ ಬಡದಿತ್ತೇನು?

ಈ ಕಾಗದ ಒಡೆಯುವ ಗುಮಾಸ್ತರಿಗೂ ಒಂದು ಮಾತು. "ಕನ್ನಡ ಅರ್ಜಿ ನಡೆಯಂಗಿಲ್ಲ, ತೆಲುಗಿನಾಗ ಬರಕೊಂಡು ಬಾ" ಅಂತ ತಿರುಗಿಸಿ ಕಳಿಸಬ್ಯಾಡ್ರಿ. ಸಂತಿ ಮಾಡಾಕ ನನಗೆ ತೆಲುಗು ಸಾಕು, ಬೈಯಾಕ ಕನ್ನಡನೇ ಬೇಕು. ಪೆದ್ದಹರಿವಾಣದ ಶಾಲೆಯಾಗ ಮೂರನೇ ಕ್ಲಾಸಿಗೆ ಬಿಟ್ಟ ಅಕ್ಷರ ಇವು, ಸೊಟ್ಟ ಅದಾವ, ಆದರೆ ನಿಮ್ಮ ಆಫೀಸಿನ ನೆಟ್ಟನ್ನ ಅಕ್ಷರದಂಗ ಸುಳ್ಳು ಹೇಳಂಗಿಲ್ಲ. ಹರಿದು ಹಾಕಿಯೂ ಉಪಯೋಗ ಇಲ್ಲ. ಒಂದು ನಕಲು ಪತ್ರಿಕೆಗೆ ಕೊಟ್ಟೀನಿ, ಇನ್ನೊಂದು ನಿಮ್ಮ ಗೇಟಿನ ಎದುರಿನ ಚಾ ಅಂಗಡಿ ಗೋಡೆಗೆ ಅಂಟಿಸೀನಿ.

ಈಗ ನನ್ನ ಮೊಮ್ಮಗಳ ವಿಚಾರ. ಸುಷ್ಮಿತಾ ನಿಮ್ಮ ಆಫೀಸಿನಾಗೇ, ಕೆಳಗಿನ ಅಂತಸ್ತಿನ ಕಂಪ್ಯೂಟರ್ ಕೌಂಟರಿನಲ್ಲಿ ಕಾಂಟ್ರಾಕ್ಟ್ ಮ್ಯಾಲೆ ದುಡೀತಾಳ. ಸಣ್ಣಾಕಿದ್ದಾಗ ಬಂದ ಕೀಲುಜ್ವರ ಎದಿಗೆ ಇಳಿದು ಕೂತಿತ್ತು. ದೊಡ್ಡ ಡಾಕ್ಟರು ಎದಿ ಸೀಳಿ, ಕೆಟ್ಟ ಕವಾಟ ತೆಗೆದು ಲೋಹದ್ದು ಹಾಕಿದರು. ಕವಾಟ ಹೊಸದಾಯಿತು, ಅದರ ಸಲುವಾಗಿ ದುಡಿದು ದುಡಿದು ಹಿಗ್ಗಿದ ಗುಂಡಿಗಿ ಹಳೇದೇ ಉಳೀತು. ಆಕಿ ತಲೆ ಬಾಚಿ ಜಡಿ ಹಾಕೂಮುಂದ ನಾನು ಸುಮ್ಮನಾದರೆ ಆಕಿ ಎದಿಯೊಳಗ ಟಿಕ್ ಟಿಕ್ ಅನ್ನೋದು ಕೇಳತೈತಿ, ಗೋಡೆ ಗಡಿಯಾರದಂಗ. ಏರು ಹತ್ತಬಾರದು, ಬಿಸಿಲಾಗ ದೂರ ನಡೀಬಾರದು ಅಂತ ಡಾಕ್ಟರು ಬರೆದುಕೊಟ್ಟಾರ. ಆ ಚೀಟಿ ನೋಡಿ ನಿಮಗಿಂತ ಹಿಂದಿದ್ದ ಸಾಹೇಬರು ಆಕಿ ಸ್ಕೂಟಿಗೆ ನೀಲಿ ಜಾಗ ಕೊಟ್ಟಿದ್ದರು. ಮಾರಿ ನೋಡಿದರೆ ಮಾತ್ರ ಮದುವಿ ಹುಡುಗಿ ಕಳೆ. ಅದೇ ಆಕಿ ಮಾಡಿದ ಅಪರಾಧ.

ನೀವು ಬಂದ ಹೊಸದರಾಗ ಒಂದಿನ ನಾನೂ ಸ್ಕೂಟಿ ಹಿಂದೆ ಕೂತು ಬಂದಿದ್ದೆ. ನಿಮ್ಮ ವಾಚ್‌ಮನ್ ಉರುಕುಂದಪ್ಪ ಲಾಠಿ ಅಡ್ಡ ಹಿಡಿದ. ಬೋರ್ಡಿನ ಚಿತ್ರ ತೋರಿಸಿದ, ಅದರಾಗ ಒಬ್ಬ ಮನುಷ್ಯ ಗಾಲಿಕುರ್ಚಿ ಮ್ಯಾಲೆ ಕೂತಾನ.

"ಬೊಮ್ಮ ಚೂಡಮ್ಮಾ. ಅದರಾಗ ಕುರ್ಚಿ ಐತಿ. ನಿಮ್ಮದು ಕುರ್ಚಿ ಎಲ್ಲೈತಿ?"

"ನಿಮ್ಮ ಸಾಹೇಬರ ಕಾರು ನಿಂತೈತಲ್ಲೋ, ಅವರ ಕುರ್ಚಿ ಎಲ್ಲೈತಿ?" ಅಂದೆ.

"ಅವರದು ಮ್ಯಾಲೆ ಏಸಿ ರೂಮಿನಾಗ ಐತಿ, ಅವ್ವಾ."

ಆಮೇಲೆ ಸುಷ್ಮಿತಾಳ ಕಡೆ ಬಗ್ಗಿ ಸಣ್ಣ ದನಿಯಾಗ ಹೇಳಿದ: "ಅಕ್ಕಾ, ಸಾಹೇಬ್ರು ಕಿಟಕಿಯಾಗ ನಿಂತು ನೋಡ್ತಾರ. ಸ್ವಲ್ಪ ಕುಂಟಿಕೋತ ಹೋಗು. ಕಾರಿನ ಬಾಜೂಕ ನಿನ್ನ ಗಾಡಿಗೆ ಸಂದಿ ಮಾಡಿಕೊಡತೀನಿ."

"ನಾನ್ಯಾಕ ಕುಂಟಲಿ ಅಣ್ಣಾ? ನನ್ನ ಕಾಲು ಚಲೋ ಅದಾವ," ಅಂದಳು ನಮ್ಮ ಸತ್ಯವಂತಿ.

ಉರುಕುಂದಪ್ಪನ ಮ್ಯಾಲೆ ನನಗೆ ಸಿಟ್ಟಿಲ್ಲ. ನಿಮ್ಮ ಕಣ್ಣಿಗೆ ಎಂಥಾದ್ದು ಕಾಣತೈತಿ ಅಂತ ಅವನು ಅಳತಿ ಮಾಡಿ ಇಟ್ಟಿದ್ದ. ಅವತ್ತೇ ನಾವಿಬ್ಬರೂ ನಿಮ್ಮ ರೂಮಿಗೆ ಬಂದೆವು. ನೀವು ಡಾಕ್ಟರ ಚೀಟಿ ಓದಲಿಲ್ಲ, ಹುಡುಗೀನ ಓದಿದಿರಿ, ನೆತ್ತಿಯಿಂದ ಚಪ್ಪಲಿ ತನಕ. "ಚೂಡಡಾನಿಕಿ ಬಾಗಾನೇ ಉಂದಿ ಕದಾ" ಅಂದಿರಿ. ಹೌದ್ರಿ, ನೋಡಾಕ ಚಲೋನೇ ಅದಾಳ. ನೋಡಾಕ ನೀವೂ ಮನುಷ್ಯರಂಗೇ ಅದೀರಿ. ಅಂಗವಿಕಲರ ಪಟ್ಟಿಯಾಗ ಕಾಲು ಐತಿ, ಕಣ್ಣು ಐತಿ, ಕಿವಿ ಐತಿ, ಗುಂಡಿಗಿ ಇಲ್ಲ ಅಂದಿರಿ. ಹೆಂಗ ಇರತೈತಿ? ಪಟ್ಟಿ ಹಿಡಕೊಂಡು ಕೂತವರಿಗೆ ಇದ್ದರಲ್ಲವೇ! ಕಡೀಕೆ ಸಾಕ್ಷಿ ಏನೈತಿ ಅಂತ ಕೇಳಿದಿರಿ. ಸಾಕ್ಷಿ ಐತಿ ಸಾಹೇಬರೇ, ಗಂಟಲ ಕುಳಿಯಿಂದ ಹೊಟ್ಟಿ ತನಕ ಇಳಿದ ಹೊಲಿಗಿ. ಆಕಿ ದುಪ್ಪಟ್ಟಾ ಎದಿಗೆ ಒತ್ತಿ ಹಿಡಕೊಂಡು ನೆಲ ನೋಡಿದಳು. ನಿಮ್ಮ ಮುಂದ ಬಿಚ್ಚಿ ತೋರಿಸಬೇಕಿತ್ತೇನು? ಕಾಲು ಮುರಿದವನಿಗೆ ಪ್ಯಾಂಟು ಬಿಚ್ಚು ಅಂತೀರೇನು? ಏನೂ ಅನ್ನಿಸಲಿಲ್ಲ ನಿಮಗೆ. "ಗಾಡಿ ಹಿಂದಿನ ಗೇಟಿಗೆ ಹಚ್ಚು, ನಡೆದರೆ ಆರೋಗ್ಯಕ್ಕೆ ಒಳ್ಳೇದು" ಅಂತ ಉಪದೇಶ ಕೊಟ್ಟು ಗಂಟಿ ಒತ್ತಿದಿರಿ.

ಹಿಂದಿನ ಗೇಟು ತಗ್ಗಿನಾಗ ಐತಿ. ಅಲ್ಲಿಂದ ಆಫೀಸಿಗೆ ಬರೇ ಬಂಡೆಗಲ್ಲಿನ ಏರು, ಒಂದು ಬೇವಿನ ಗಿಡದ ನೆರಳೂ ಇಲ್ಲ. ಉಗಾದಿ ಮುಗಿದ ಮ್ಯಾಲಿನ ಬಿಸಿಲಿಗೆ ಒಂದಿನ ಆ ಏರಿನಾಗ ಆಕಿ ಬಿದ್ದಳು. ಉರುಕುಂದಪ್ಪನೇ ನನಗೆ ಹೇಳಿದ. ಸುತ್ತ ಸೇರಿದ ಮಂದಿ "ಫಿಟ್ಸ್ ಬಂದಾವ, ಕೈಯಾಗ ಕಬ್ಬಿಣ ಕೊಡ್ರೋ" ಅಂತ ಕೂಗಿದರಂತ. ಓಡಿ ಬಂದು ಕೈಯಾಗ ಕಬ್ಬಿಣ ಇಟ್ಟವನು ಯಾರು ಗೊತ್ತೇನು? ನಿಮ್ಮ ಡ್ರೈವರ್ ಆಂಜಿನೇಯ. ಯಾವ ಕಬ್ಬಿಣ? ನಿಮ್ಮ ಕಾರಿನ ಕೀಲಿ. ಎದಿ ರೋಗಕ್ಕ ಕೀಲಿ ಏನು ಮಾಡತೈತಿ! ಕೀಲಿ ನನ್ನ ಮೊಮ್ಮಗಳ ಮುಷ್ಟಿಯಾಗಿತ್ತು, ಕಾರು ಮಾತ್ರ ನೀಲಿ ಬಣ್ಣದ ಮ್ಯಾಲೇ ನಿಂತಿತ್ತು. ಆಕೀನ ಆಟೋದಾಗ ಹಾಕ್ಕೊಂಡು ಆಸ್ಪತ್ರೆಗೆ ಒಯ್ದರು. ಕೀಲಿ ವಾಪಸು ತಗೊಳ್ಳಾಕ ಮಾತ್ರ ನೀವು ಆಳು ಕಳಿಸಿದ್ದಿರಂತ.

ಮುಂದಿನ ಅಮಾಸಿ ಸಂಜಿಗೆ, ಆಫೀಸು ಮುಚ್ಚಿದ ಮ್ಯಾಲೆ ನಾನು ಬಂದೆ. ಉರುಕುಂದಪ್ಪ ನನ್ನ ಬುಟ್ಟಿ ನೋಡಿದವನೇ ಚಾ ಕುಡಿಯಾಕ ಹೋದ. ಉಪ್ಪಿನಕಾಯಿಗೆ ತಂದ ನಿಂಬೆಹಣ್ಣು ಕೊಯ್ದು ಕುಂಕುಮ ಮೆತ್ತಿದೆ. ಒಡೆದ ಬೂದುಗುಂಬಳ, ಅರಿಶಿಣದ ಅಕ್ಕಿ, ಕರೀ ದಾರ, ಒಂದು ಮೋಟು ಪೊರಕಿ, ಎಲ್ಲಾ ನೀಲಿ ಜಾಗದ ನಡುವ ಇಟ್ಟು ಮನಿಗೆ ಬಂದು ಉಂಡು ಮಲಗಿದೆ. ಮಾಟ ಮಾಡಿದವರು ಯಾರು ಅಂತ ನೀವು ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದಿರಿ. ಬಹಿರಂಗವಾಗಿ ಹೇಳತೀನಿ, ನಾನೇ. ಮಂತ್ರ ಒಂದೂ ಬರಂಗಿಲ್ಲ. ಬರತಿದ್ದರೆ ನಿಂಬೆಹಣ್ಣಿಗ್ಯಾಕ ಹಾಕತಿದ್ದೆ, ನೇರ ನಿಮಗೇ ಹಾಕತಿದ್ದೆ.

ಮರುದಿನ ಬೆಳಿಗ್ಗೆ ನಿಮ್ಮ ಕಾರು ಬಂತು, ನಿಂತಿತು, ಹಿಂದಕ್ಕ ಓಡಿತು. ಓಡುವ ರಭಸಕ್ಕ ನಿಮ್ಮದೇ ಹೂವಿನ ಕುಂಡ ಪುಡಿ. ಸರ್ಕಾರದ ಬೋರ್ಡಿಗೆ ಬಗ್ಗದ ಮಹಾಶಯರು ಕೊಯ್ದ ನಿಂಬೆಗೆ ಬಗ್ಗಿದಿರಿ. ಆಮ್ಯಾಲೆ ಸುಷ್ಮಿತಾ ದಿನಾ ಹಣ್ಣು ಕಾಲಿಲೆ ಸರಿಸಿ ಗಾಡಿ ಹಚ್ಚಿದಳು. ಮಾರಿಗೆ ಮತ್ತೆ ಬಣ್ಣ ಬಂತು.

ನಿಮಗೆ ಅದನ್ನೂ ತಡಕೊಳ್ಳಾಕ ಆಗಲಿಲ್ಲ. ಪೂಜಾರಿ ಕರಸಿ ಶಾಂತಿ ಮಾಡಿಸಿದಿರಿ, ನೀಲಿ ಜಾಗದ ನಡುವ ಕಲ್ಲು ನೆಡಸಿದಿರಿ, ಸುತ್ತ ಕಬ್ಬಿಣದ ಕಟಾಂಜನ ಹಾಕಿಸಿ ಬೀಗ ಜಡಿಸಿದಿರಿ. ಈಗ ಬರಹೋಗೋರು ಅದಕ್ಕೆ ಕೈ ಮುಗೀತಾರ. ಬೋರ್ಡಿನಾಗಿನ ಗಾಲಿಕುರ್ಚಿ ಮನುಷ್ಯನಿಗೆ ಯಾರೋ ಹಾರ ಹಾಕ್ಯಾರ. ಜೀವ ಇದ್ದವರಿಗೆ ಕೊಡದ ಜಾಗ ಕಲ್ಲಿಗೆ ಕೊಟ್ಟಿರಿ! ದೇವರಿಗೆ ನಾನೂ ಹೆದರತೀನಿ, ಆದರೆ ಅದು ದೇವರಲ್ಲ, ನನ್ನ ಉಪ್ಪಿನಕಾಯಿ. ಇನ್ನು ನಿಮ್ಮ ಕಾರು? ಅದು ಗಾಲಿಕುರ್ಚಿ ಹತ್ತಿಸಾಕ ಕಟ್ಟಿದ ಇಳಿಜಾರಿಗೆ ಅಡ್ಡ ನಿಂತೈತಿ. ಬಿಡಂಗಿಲ್ಲ ನೀವು, ಕುಂಟರನ್ನ ಹುಡುಕಿ ಹುಡುಕಿ ಅವರ ದಾರಿಯಾಗೇ ನಿಲ್ಲತೀರಿ.

ಸುಷ್ಮಿತಾ ಈಗ ಮತ್ತೆ ತಗ್ಗಿನಿಂದ ಏರತಾಳ, ನಡುನಡುವ ಬಿಸಿಗಲ್ಲಿನ ಮ್ಯಾಲೆ ಕೂತು ಕೂತು. ತಡ ಆದದ್ದಕ್ಕ ನಿಮ್ಮ ಸಹಿಯ ಮೆಮೋ ಬಂದೈತಿ, "ಶಿಸ್ತಿನ ಕೊರತೆ" ಅಂತ. ಇನ್ನೊಂದು ಬಂದರೆ ಕೆಲಸ ಹೋಗತೈತಿ, ಅದು ಬರದಂಗ ಓಡೋಡಿ ಏರಿದರೆ ಜೀವ ಹೋಗತೈತಿ. ಮೊನ್ನೆ ಜಡಿ ಹಾಕೂಮುಂದ ಆಕಿ ಅಂದಳು, "ಅವತ್ತು ಕುಂಟಿಬಿಡಬೇಕಿತ್ತು, ಜೇಜೀ." ಅಜ್ಜೀನ ನಮ್ಮ ಕಡೆ ಹಂಗೇ ಕರೀತಾರ. ನಾನು ಜಡಿ ತುದಿಗೆ ರಿಬ್ಬನ್ ಕಟ್ಟಿದೆ. ಟಿಕ್ ಟಿಕ್ ಅಂತಿತ್ತು.

ಆ ಕಲ್ಲು ಕೀಳಿಸ್ರಿ. ನಿಮ್ಮ ಆಳಿಗೆ ಕೈ ನಡುಗಿದರೆ ನನ್ನ ಕರೀರಿ, ಸೆರಗಿನಾಗ ಕಟ್ಟಿಕೊಂಡು ಒಯ್ತೀನಿ. ಬೀಗ ತೆಗೀರಿ, ಇಳಿಜಾರಿನಿಂದ ಕಾರು ಎತ್ರಿ, ಮೆಮೋ ವಾಪಸು ತಗೊಳ್ರಿ. ಡಾಕ್ಟರ ಚೀಟಿ ತಂದವರನ್ನ ಯಾರೂ "ತೋರಿಸು" ಅನ್ನಬಾರದು ಅಂತ ನಿಮ್ಮ ಸಹಿ ಮಾಡಿ ಗೇಟಿಗೆ ಹಾಕಸ್ರಿ. "ಪರಿಶೀಲಿಸಲಾಗುವುದು" ಅನ್ನೋ ಗುಮಾಸ್ತನ ಕಾಗದ ನನಗೆ ಬ್ಯಾಡ. ಬುಟ್ಟಿಯಾಗ ನಿಂಬೆ ಇನ್ನೂ ಅದಾವ, ಏಸಿ ರೂಮಿನಾಗಿನ ನಿಮ್ಮ ಕುರ್ಚಿಯ ದಾರಿಯೂ ನನಗೆ ಗೊತ್ತೈತಿ. ಅದರ ಮ್ಯಾಲೆ ಒಂದು ಹಣ್ಣು ಕೊಯ್ದು ಇಟ್ಟೆನಂದ್ರ ನೌಕರಿ ಮುಗಿಯೋ ತನಕ ನಿಂತೇ ಕೆಲಸ ಮಾಡತೀರಿ. ನಿಂತರೆ ಆರೋಗ್ಯಕ್ಕೆ ಒಳ್ಳೇದು. ಬರೋ ಅಮಾಸಿಗೆ ಈ ತಿಂಗಳು ಮುಗೀತೈತಿ. ಹೊಸ ತಿಂಗಳು ಹುಟ್ಟೋದರೊಳಗ, ನಿಮ್ಮ ಕೈಯಾರೆ ಉತ್ತರ ಬರೀರಿ.

ಇಂತಿ,
ಮೊಮ್ಮಗಳಿಗೆ ಕುಂಟೋದು ಕಲಿಸದೇ ಕೆಡಿಸಿದ ಮುದುಕಿ,
ಗಾದಿಲಿಂಗಮ್ಮ
ಪೆದ್ದಹರಿವಾಣಂ